ತಕ್ಕಡಿಯ ಅಡಿಯ ಹುಣಸೆಹಣ್ಣು

ನನ್ನ ಅಪ್ಪನಿಗೆ ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ ದಿನಸಿ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುವುದು, ದೇವರ ಪಟಕ್ಕೆ ಊದುಬತ್ತಿ ಹಚ್ಚುವುದು, ಆಮೇಲೆ ತಕ್ಕಡಿಯ ಎರಡೂ ತಟ್ಟೆಗಳನ್ನು ಮಗುಚಿ ಬೆನ್ನನ್ನು ಅಂಗೈಯಿಂದ ಸವರಿ ನೋಡುವುದು ಅವರ ಕ್ರಮ. ಸಾಮಾನಿನ ತಟ್ಟೆಯ ಅಡಿಗೆ ಒಂದು ಚೂರು ಹುಣಸೆಹಣ್ಣು ಮೆತ್ತಿ ತೂಕದಲ್ಲಿ ಹೊಡೆಯುವುದು ಅಂಗಡಿಕಾರರ ಹಳೇ ವಿದ್ಯೆ ಎಂದು ಊರಿಗೆಲ್ಲ ಗೊತ್ತಿತ್ತು. ‘ನೀವು ಮೆತ್ತುವುದಿಲ್ಲವಲ್ಲ, ಮತ್ತೆ ಯಾಕೆ ದಿನಾ ನೋಡುವುದು?’ ಎಂದು ಒಮ್ಮೆ ಕೇಳಿದ್ದೆ. ‘ಮೆತ್ತಬೇಕು ಅಂತಿಲ್ಲ ಮಗ. ಕೈಯಲ್ಲಿ ಬೆಲ್ಲ ಇರ್ತದೆ, ಹುಳಿ ಇರ್ತದೆ. ತಟ್ಟೆ ಹಿಡಿಯುವಾಗ ತಾನಾಗಿ ಹತ್ತುತ್ತದೆ’ ಎಂದಿದ್ದರು.

ಅರವತ್ತು ದಾಟಿದ ಮೇಲೆ ಕ್ರೈಸ್ತ ಧರ್ಮ ಹೇಳುವುದು ನಿಜವೋ ಅಲ್ಲವೋ ಎಂದು ತೂಗಿ ನೋಡಲು ಕೂತಾಗ ನನಗೆ ಮೊದಲು ನೆನಪಾದದ್ದು ಆ ತಟ್ಟೆಯ ಬೆನ್ನು.

ಈ ಕೆಲಸಕ್ಕೆ ಕೈಹಾಕಿದ್ದು ನನ್ನ ಸ್ವಂತ ಬುದ್ಧಿಯಿಂದಲ್ಲ, ಪಕ್ಕದ ಮನೆಯ ಬಾಯಮ್ಮನಿಂದ. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಗಂಡಸರು ಪೊರ್ಬುಗಳು, ಹೆಂಗಸರು ಬಾಯಮ್ಮಂದಿರು. ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಅವರಿಗೂ ನಾನು ಮಾಸ್ಟ್ರು ಅಷ್ಟೇ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ಪ್ರತಿ ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ, ಊರವರ ಬಾಯಲ್ಲಿ ಸಾಂತ್‌ಮಾರಿಗೆ, ಎರಡೂ ಮನೆಯವರು ಒಟ್ಟಾಗಿ ಹೋಗುವುದು ಅಪ್ಪನ ಕಾಲದಿಂದ ಬಂದದ್ದು. 2016ರಲ್ಲಿ ಆ ಇಗರ್ಜಿಗೆ ಬಸಿಲಿಕಾ ಎಂಬ ಪದವಿ ಸಿಕ್ಕಿತು. ನಾವು ಅದಕ್ಕಿಂತ ಬಹಳ ಮೊದಲೇ ಅದಕ್ಕೆ ‘ಕಾರಣಿಕದ ಜಾಗ’ ಎಂಬ ಪದವಿ ಕೊಟ್ಟಾಗಿತ್ತು. ಮೇಣದ ಬತ್ತಿ ಹಚ್ಚುವುದು, ಸಂತೆಯಲ್ಲಿ ಒಂದು ಸುತ್ತು ಹಾಕಿ ಮೊಮ್ಮಕ್ಕಳಿಗೆ ಮಿಠಾಯಿ ತರುವುದು. ಇಷ್ಟೇ ನನ್ನ ಕ್ರೈಸ್ತ ಧರ್ಮ.

ಒಂದು ವರ್ಷ ಬತ್ತಿಯ ಸಾಲಿನಲ್ಲಿ ನಿಂತಿದ್ದಾಗ ಬಾಯಮ್ಮ ತುಳುವಿನಲ್ಲಿ ಕೇಳಿದರು. ಕನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ: ‘ಮಾಸ್ಟ್ರೆ, ನೀವು ವರ್ಷ ವರ್ಷ ಬತ್ತಿ ಹಚ್ತೀರಿ. ನಮ್ಮ ದೇವರು ಸತ್ತು ಮೂರನೇ ದಿನ ಎದ್ದು ಬಂದದ್ದು ಉಂಟಲ್ಲ, ಅದು ನಿಜ ಅಂತ ನಿಮಗೆ ಉಂಟಾ?’

‘ಎಲ್ಲ ದೇವರೂ ಒಂದೇ ಅಲ್ವಾ ಬಾಯಮ್ಮ’ ಎಂದೆ.

‘ಅದಲ್ಲ ನಾನು ಕೇಳಿದ್ದು. ನಿಜವಾ ಅಂತ ಕೇಳಿದ್ದು. ಅದು ನಿಜ ಅಲ್ಲ ಅಂತಾದ್ರೆ ನಾನು ಐವತ್ತು ವರ್ಷ ಈ ಮೊಣಕಾಲು ಸವೆಸಿದ್ದು ದಂಡ ಅಲ್ವಾ?’

ನನಗೆ ಉತ್ತರ ಹೊಳೆಯಲಿಲ್ಲ. ಹಿಂದಿನವರು ದೂಡಿದರು, ಸಾಲು ಮುಂದೆ ಹೋಯಿತು. ಆಮೇಲೆ ಓದಿದಾಗ ತಿಳಿಯಿತು, ಸುಮಾರು ಕ್ರಿ.ಶ. 55ರ ಹೊತ್ತಿಗೆ ಪೌಲನೆಂಬವನು ಕೊರಿಂಥದವರಿಗೆ ಬರೆದ ಕಾಗದದಲ್ಲಿ ಇದನ್ನೇ ಹೇಳಿದ್ದಾನೆ: ಯೇಸು ಏಳಲಿಲ್ಲವೆಂದಾದರೆ ನಮ್ಮ ನಂಬಿಕೆಯೆಲ್ಲ ವ್ಯರ್ಥ, ನಮ್ಮಷ್ಟು ನಿರ್ಭಾಗ್ಯರು ಬೇರಿಲ್ಲ. ಬಾಯಮ್ಮ ಪೌಲನನ್ನು ಓದಿ ಹೇಳಿದ್ದಲ್ಲ, ಮೊಣಕಾಲಿನಿಂದ ಹೇಳಿದ್ದು.

ಮನೆಗೆ ಬಂದ ಮೇಲೂ ನನ್ನನ್ನು ಕುಟುಕಿದ್ದು ಅವರ ಪ್ರಶ್ನೆಗಿಂತ ಹೆಚ್ಚಾಗಿ ನನ್ನ ಉತ್ತರ. ‘ಎಲ್ಲ ಒಂದೇ’ ಎಂದು ಹೇಳುವಾಗ ನಾನು ಉದಾರಿಯಾಗಿದ್ದೆನೇ, ಸೋಮಾರಿಯಾಗಿದ್ದೆನೇ? ನಮ್ಮಲ್ಲಿ ದೈವವೊಂದರ ಬಗ್ಗೆ ಕೇಳುವ ಪ್ರಶ್ನೆ ‘ಕಾರಣಿಕ ಉಂಟಾ?’ ಎಂದು. ಹರಕೆ ಹೊತ್ತರೆ ಆಗುತ್ತದಾ, ಕಳೆದುಹೋದ ದನ ಸಿಗುತ್ತದಾ, ಮಗಳ ಮದುವೆ ಕೂಡಿಬರುತ್ತದಾ. ನಿಜವೋ ಸುಳ್ಳೋ ಎಂದು ಕೇಳುವುದು ಮನೆಗೆ ಬಂದ ನೆಂಟರ ಹತ್ತಿರ ಆಧಾರ್ ಕಾರ್ಡ್ ಕೇಳಿದ ಹಾಗೆ. ಕ್ರೈಸ್ತರು ಮಾತ್ರ ಕಾರ್ಡನ್ನು ತಾವೇ ಮೇಜಿನ ಮೇಲೆ ಇಡುತ್ತಾರೆ. ಕನ್ನಡದ ಪ್ರೊಟೆಸ್ಟಂಟರು ತಮ್ಮ ಗ್ರಂಥಕ್ಕೆ ಇಟ್ಟುಕೊಂಡ ಹೆಸರೇ ‘ಸತ್ಯವೇದ’. ಹೆಸರಿನಲ್ಲೇ ಪಂಥಾಹ್ವಾನ ಉಂಟು. ಅವರು ವಾರ ವಾರ ಹೇಳುವ ವಿಶ್ವಾಸ ಪ್ರಮಾಣದಲ್ಲಿ ದೇವರ ಹೆಸರಿನ ಜೊತೆ ಒಬ್ಬ ರೋಮನ್ ಅಧಿಕಾರಿಯ ಹೆಸರೂ ಬರುತ್ತದೆ: ಪಿಲಾತ. ನಮ್ಮ ಯಾವ ಸ್ತೋತ್ರದಲ್ಲೂ ಒಬ್ಬ ಅಮಲ್ದಾರನ ಹೆಸರು ನಾನು ಕಂಡಿಲ್ಲ. ಕ್ರಿ.ಶ. 26ರಿಂದ 36ರವರೆಗೆ ಯೂದಾಯದ ಅಧಿಪತಿಯಾಗಿದ್ದವನು ಈ ಪಿಲಾತ. 1961ರಲ್ಲಿ ಕೈಸರೈಯದಲ್ಲಿ ಅವನ ಹೆಸರಿರುವ ಶಿಲಾಶಾಸನವೂ ಸಿಕ್ಕಿದೆ. ಹಲ್ಮಿಡಿ ಶಾಸನದ ಪಾಠ ಮಾಡಿದವನಿಗೆ ಕಲ್ಲು ಎಂದರೆ ಸ್ವಲ್ಪ ಮೋಹ. ಆದರೆ ಕಲ್ಲು ಪಿಲಾತ ಇದ್ದ ಎನ್ನುತ್ತದೆ, ಮೂರನೇ ದಿನದ ವಿಚಾರಕ್ಕೆ ಬಾಯಿ ಬಿಡುವುದಿಲ್ಲ.

ಸರಿ, ತೂಗುವುದೇ ಎಂದಾದರೆ ಮೊದಲು ತಟ್ಟೆ ಮಗುಚಬೇಕಲ್ಲ. ಮಗುಚಿದೆ. ಎರಡೂ ಬೆನ್ನಿಗೆ ಬೇಕಾದಷ್ಟು ಹತ್ತಿತ್ತು.

ಒಂದು ಕಡೆ ಕಿಟೆಲ್ಲರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಪೈಕಿ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು, ಕಿಟೆಲ್ಲರು 1894ರಲ್ಲಿ ನಿಘಂಟು ಮುಗಿಸಿದರು. ಒಂದು ಪುಸ್ತಕದ ಅರ್ಥ ನಮಗೆ ಹೇಳಲು ಬಂದ ಮನುಷ್ಯ ನಮ್ಮದೇ ಮಾತುಗಳ ಅರ್ಥ ನಮಗೆ ಹೇಳಿ ಹೋದ. ಆ ನಿಘಂಟನ್ನು ಮೂವತ್ತೆರಡು ವರ್ಷ ಮಗುಚಿದ ಬೆರಳಿಗೆ ಋಣ ಅಂಟದೇ ಇರುತ್ತದೆಯೇ? ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ತರಗತಿಯಲ್ಲಿ ಓದುವಾಗ ದನಿ ಒಡೆದು ನಿಲ್ಲಿಸಿದ್ದೂ ಉಂಟು. ಹಿಂದಿನ ಬೆಂಚಿನ ಹುಡುಗರು ನಕ್ಕಿದ್ದರು. ಬಾಯಮ್ಮನ ಉಪಕಾರ ಬೇರೆ. ನನ್ನ ಹೆಂಡತಿಗೆ ಟೈಫಾಯ್ಡ್ ಆದಾಗ ಹದಿನೆಂಟು ದಿನ ಗಂಜಿ ಬಂದದ್ದು ಅವರ ಅಡಿಗೆಮನೆಯಿಂದ. ಇದೆಲ್ಲ ಒಳ್ಳೆಯದೇ, ಆದರೆ ಸಾಕ್ಷ್ಯವಲ್ಲ. ನಿಘಂಟು ಸರಿ ಬರೆದವರು ಪುನರುತ್ಥಾನದ ಬಗ್ಗೆ ತಪ್ಪಿರಬಹುದು. ಗಂಜಿ ಎಷ್ಟು ಬಿಸಿ ಇದ್ದರೂ ಅದು ಖಾಲಿ ಸಮಾಧಿಗೆ ಪುರಾವೆಯಾಗುವುದಿಲ್ಲ.

ಇನ್ನೊಂದು ಕಡೆಯ ಅಂಟು ಕರಿ ಹಿಡಿದದ್ದು. ಗೋವೆಯಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆ 1812ರವರೆಗೆ ಹೆಚ್ಚುಕಡಿಮೆ ನಡೆಯಿತು. ಅಲ್ಲಿಂದ ಓಡಿಬಂದವರ ಮನೆತನಗಳು ನಮ್ಮ ಕರಾವಳಿಯ ಉದ್ದಕ್ಕೂ ಇವೆ, ಹಿಂದೂಗಳೂ ಕ್ರೈಸ್ತರೂ. ಎಲ್ಲರೂ ಒಂದೇ ತಂದೆಯ ಮಕ್ಕಳು ಎನ್ನುವವರಲ್ಲಿ ಮದುವೆಯ ಮಾತು ಬಂದರೆ ‘ಅವರು ಬಾಮಣ್ ಹೌದಾ?’ ಎಂಬ ವಿಚಾರಣೆ ನಾನೇ ಕೇಳಿದ್ದೇನೆ. ಮತ್ತೆ, ನಾನು ಹುಡುಗನಾಗಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಬೋಧಕ ನಮ್ಮ ದೈವ ಪಂಜುರ್ಲಿಯನ್ನು ಸೈತಾನ ಎಂದಿದ್ದ. ಪಂಜುರ್ಲಿಯ ಭಂಡಾರದ ಮುಂದೆ ಅಮ್ಮ ತಲೆ ಬಾಗಿಸುವಾಗ ಅವಳ ಮುಖ ಹೇಗಿರುತ್ತಿತ್ತು ಎಂದು ಅವನಿಗೇನು ಗೊತ್ತು? ಐವತ್ತು ವರ್ಷದ ಹಿಂದಿನ ಆ ಮಾತು ಇವತ್ತಿಗೂ ಗಂಟಲಲ್ಲಿ ಉಂಟು. ಇದೂ ಸಾಕ್ಷ್ಯವಲ್ಲ. ಅಂಗಡಿಯವನು ಮೋಸಗಾರನಾದರೆ ಅಕ್ಕಿ ಸುಳ್ಳಾಗುವುದಿಲ್ಲ. ಕೆರೆದೆ. ಪೂರ್ತಿ ಹೋಯಿತು ಎಂದು ಹೇಳಲಾರೆ.

ಆಮೇಲೆ ಓದಲು ಕೂತೆ. ನಾಲ್ಕು ಸುವಾರ್ತೆಗಳನ್ನು ಭಕ್ತ ಓದುವ ಹಾಗಲ್ಲ, ಮಾಸ್ಟ್ರು ಉತ್ತರಪತ್ರಿಕೆ ತಿದ್ದುವ ಹಾಗೆ ಓದಿದೆ. ನಾಲ್ಕು ಹುಡುಗರು ಒಂದೇ ಉತ್ತರ ಬರೆದರೆ ಕಾಪಿ ಎಂದು ಗೊತ್ತಾಗುತ್ತದೆ. ಬೇರೆ ಬೇರೆ ಬರೆದರೆ ಯಾರೋ ಒಬ್ಬನಿಗೆ ತಪ್ಪಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಎರಡೂ ಉಂಟು. ಮತ್ತಾಯ, ಲೂಕ ಇಬ್ಬರ ಮುಂದೆಯೂ ಮಾರ್ಕನ ಪ್ರತಿ ಇದ್ದದ್ದು ಸ್ಪಷ್ಟ, ವಾಕ್ಯಕ್ಕೆ ವಾಕ್ಯ ಎತ್ತಿದ್ದಾರೆ. ಹೆಚ್ಚಿನ ವಿದ್ವಾಂಸರ ಅಭಿಪ್ರಾಯವೂ ಅದೇ. ಆದರೆ ಭಾನುವಾರ ಬೆಳಿಗ್ಗೆ ಸಮಾಧಿಗೆ ಹೋದವರು ಯಾರು ಎಂದು ಕೇಳಿ. ಮತ್ತಾಯನಲ್ಲಿ ಇಬ್ಬರು ಹೆಂಗಸರು, ಮಾರ್ಕನಲ್ಲಿ ಮೂವರು, ಲೂಕನಲ್ಲಿ ಇನ್ನೂ ಹೆಚ್ಚು, ಯೋಹಾನನಲ್ಲಿ ಕಾಣುವುದು ಮಗ್ದಲದ ಮರಿಯಳು ಒಬ್ಬಳೇ. ಅಲ್ಲಿ ಕಂಡದ್ದು ಒಬ್ಬ ಯುವಕನೋ, ದೇವದೂತನೋ, ಇಬ್ಬರೋ? ಅದೂ ಹೊಂದುವುದಿಲ್ಲ. ಕೆಂಪು ಪೆನ್ನು ಕೈಯಲ್ಲಿದ್ದರೆ ಅಂಚಿನ ತುಂಬ ಗೆರೆ.

ಆದರೆ ಒಂದು ವಿಷಯದಲ್ಲಿ ನಾಲ್ವರೂ ಒಂದೇ: ಮೊದಲು ಹೋದದ್ದು ಹೆಂಗಸರು. ಹೆಂಗಸರ ಸಾಕ್ಷಿಯನ್ನು ಒಪ್ಪಬಾರದು ಎಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಯೊಸೇಫ ಬರೆದಿದ್ದಾನೆ. ಕಟ್ಟುಕಥೆ ಹೇಳುವವನು ಕೋರ್ಟಿನಲ್ಲಿ ನಿಲ್ಲದ ಸಾಕ್ಷಿಯನ್ನು ಯಾಕೆ ಮುಂದಿಡುತ್ತಾನೆ? ಈ ವಾದವನ್ನು ಕ್ರೈಸ್ತ ಪಂಡಿತರು ಬಹಳ ಹೇಳುತ್ತಾರೆ, ಬಹಳ ಹೇಳುತ್ತಾರೆ ಎಂಬ ಕಾರಣಕ್ಕೇ ನಾನು ಸ್ವಲ್ಪ ಅನುಮಾನಿಸಿದೆ. ಆದರೂ ತೂಕ ಇಲ್ಲವೆನ್ನಲಾರೆ.

ಅದಕ್ಕಿಂತ ಹೆಚ್ಚು ನನ್ನನ್ನು ಅಲ್ಲಾಡಿಸಿದ್ದು ಮಾರ್ಕನ ಕೊನೆ. ಸಿನಾಯ್ಟಿಕಸ್, ವ್ಯಾಟಿಕಾನಸ್ ಎಂಬ ನಾಲ್ಕನೇ ಶತಮಾನದ ಎರಡು ಹಸ್ತಪ್ರತಿಗಳಲ್ಲಿ ಅವನ ಪುಸ್ತಕ ಹದಿನಾರನೇ ಅಧ್ಯಾಯದ ಎಂಟನೇ ವಚನಕ್ಕೇ ನಿಂತುಹೋಗುತ್ತದೆ. ಹೆಂಗಸರು ನಡುಗುತ್ತಾ ಸಮಾಧಿಯಿಂದ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಎದ್ದು ಬಂದವನ ದರ್ಶನವಿಲ್ಲ, ಆನಂದಬಾಷ್ಪವಿಲ್ಲ, ಹೂಮಳೆಯಿಲ್ಲ. ಅದರ ಮುಂದಿನ ವಚನಗಳನ್ನು ಆಮೇಲೆ ಯಾರೋ ಸೇರಿಸಿದರು ಎನ್ನುತ್ತಾರೆ. ಪಾಪ, ಅವರಿಗೂ ತಡೆಯಲಾಗಿಲ್ಲ. ನಮ್ಮ ಯಕ್ಷಗಾನದ ಭಾಗವತರು ಮಂಗಳ ಹಾಡದೆ ತಾಳ ಕೆಳಗಿಟ್ಟು ಎದ್ದು ಹೋದ ಹಾಗಾಯಿತು. ಸುಳ್ಳು ಕಟ್ಟುವವನು ಹೀಗೆ ಮುಗಿಸುತ್ತಾನೆಯೇ? ನಾನು ಸಾವಿರಾರು ಪ್ರಬಂಧ ತಿದ್ದಿದ್ದೇನೆ. ಸುಳ್ಳು ಬರೆದ ಹುಡುಗನ ಕೊನೆಯ ಪ್ಯಾರಾ ಯಾವಾಗಲೂ ಚಂದ ಇರುತ್ತದೆ. ಹಾಗೆಂದು ಒಳ್ಳೆಯ ಕಥೆಗಾರನೂ ಹೀಗೆ ನಿಲ್ಲಿಸಬಲ್ಲ ಎಂಬುದೂ ನನಗೆ ಗೊತ್ತು. ಮುಳ್ಳು ಆಡಿತು, ಅಷ್ಟು ಮಾತ್ರ ಹೇಳುತ್ತೇನೆ.

ಶಿಷ್ಯರು ಅದಕ್ಕಾಗಿ ಪ್ರಾಣ ಕೊಟ್ಟರಲ್ಲ ಎನ್ನುತ್ತಾರೆ. ನಂಬಿಕೆಗಾಗಿ ಪೆಟ್ಟು ತಿಂದವರನ್ನು ಹುಡುಕಿಕೊಂಡು ರೋಮಿಗೆ ಹೋಗಬೇಕಾಗಿಲ್ಲ. 1784ರಲ್ಲಿ ಟಿಪ್ಪು ಶ್ರೀರಂಗಪಟ್ಟಣಕ್ಕೆ ಸಾಗಿಸಿದ ಕೆನರಾದ ಕ್ರೈಸ್ತರಲ್ಲಿ ಬಾಯಮ್ಮನ ಹಿರಿಯರೂ ಇದ್ದರಂತೆ, ತಿರುಗಿ ಬಂದದ್ದು ಒಬ್ಬನೇ ಅಂತೆ. ಆದರೆ ಸುಳ್ಳನ್ನು ನಿಜವೆಂದು ನಂಬಿ ಸತ್ತವರೂ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಶಿಷ್ಯರ ಮಾತು ಅಷ್ಟಕ್ಕೇ ತಳ್ಳಿಹಾಕುವಂಥದ್ದಲ್ಲ, ಅವರು ಕೇಳಿ ನಂಬಿದವರಲ್ಲ, ಕಂಡೆವು ಎಂದವರು. ಕಂಡದ್ದೇನು? ಅಪ್ಪ ತೀರಿಕೊಂಡ ಮೇಲೆ ಹದಿಮೂರು ದಿನವೂ ಬೆಳಿಗ್ಗೆ ಅಂಗಡಿಯ ಹಲಗೆ ತೆಗೆಯುವ ಸದ್ದು ಅಮ್ಮನಿಗೆ ಕೇಳಿಸುತ್ತಿತ್ತು. ಒಂದೊಂದೇ ಹಲಗೆ, ಗೋಡೆಗೆ ಒರಗಿಸುವ ಟಕ್ ಸಮೇತ. ಅಮ್ಮ ಸುಳ್ಳಿಯಲ್ಲ. ಹಲಗೆಗಳೂ ಅಲ್ಲಾಡಿರಲಿಲ್ಲ, ನಾನು ಹೋಗಿ ನೋಡಿದ್ದೆ. ಯೆರೂಸಲೇಮಿನಲ್ಲೂ ಹೀಗೇ ಆಗಿರಬಹುದು. ಆದರೆ ಅಮ್ಮ ಆ ಸದ್ದನ್ನು ಹಿಡಿದುಕೊಂಡು ಊರೂರು ತಿರುಗಲಿಲ್ಲ. ಅಪ್ಪನನ್ನು ದ್ವೇಷಿಸುತ್ತಿದ್ದ ಯಾರಿಗೂ ಆ ಸದ್ದು ಕೇಳಿಸಲೂ ಇಲ್ಲ. ಪೌಲನೆಂಬ ಆಸಾಮಿ ಮೊದಲು ಈ ಜನರನ್ನು ಹಿಡಿದು ಜೈಲಿಗೆ ಹಾಕಿಸುತ್ತಿದ್ದವನು. ಅವನಿಗೂ ಕಂಡಿತು ಎನ್ನುತ್ತಾನೆ. ಅಲ್ಲಿ ನನ್ನ ಅಮ್ಮನ ಹೋಲಿಕೆ ಮುಗ್ಗರಿಸುತ್ತದೆ.

ನಮ್ಮ ತೊಡಕೇ ಬೇರೆ ಎಂದು ನನಗೆ ಹೊತ್ತು ಹೋದ ಮೇಲೆ ಹೊಳೆಯಿತು. ಯುರೋಪಿನ ವಿಚಾರವಂತನಿಗೆ ಪವಾಡ ಎಂದರೆ ಗಂಟಲಲ್ಲಿ ಇಳಿಯದ ತುತ್ತು. ನಮಗೆ ಎಷ್ಟು ಬೇಕಾದರೂ ಇಳಿಯುತ್ತದೆ. ರಾಯರು 1671ರಲ್ಲಿ ಮಂತ್ರಾಲಯದಲ್ಲಿ ಸಶರೀರರಾಗಿ ಬೃಂದಾವನಸ್ಥರಾದರು ಎಂದರೆ ಸರಿ ಎನ್ನುತ್ತೇವೆ. ಕಬೀರನ ಹೆಣದ ಮೇಲಿನ ಬಟ್ಟೆ ಎತ್ತಿದಾಗ ಹೂವಷ್ಟೇ ಇತ್ತು ಎಂದರೆ ಸರಿ. ಅಕ್ಕ ಕದಳಿಯಲ್ಲಿ ಬಯಲಾದಳು ಎಂದರೂ ಸರಿ. ಆ ಸಾಲಿಗೆ ಇನ್ನೊಬ್ಬರನ್ನು ಸೇರಿಸಲು ನಮಗೇನು ಕಷ್ಟ? ಅವರಿಗೆ ಕಷ್ಟವಾದದ್ದು ‘ಎದ್ದ’ ಎಂಬ ಮಾತು, ನಮಗೆ ಕಷ್ಟವಾಗುವುದು ‘ಇವನೊಬ್ಬನೇ’ ಎಂಬ ಮಾತು.

ಇದನ್ನು ದೊಡ್ಡ ಶೋಧವೆಂಬಂತೆ ಬೇಲಿಯ ಹತ್ತಿರ ನಿಂತು ಬಾಯಮ್ಮನಿಗೆ ಹೇಳಿದೆ. ಅವರು ಒಣಮೆಣಸು ಹರಡುತ್ತಿದ್ದರು. ತಲೆ ಎತ್ತದೆ ‘ರಾಯರು ಒಳಗೆ ಹೋದದ್ದು ಮಾಸ್ಟ್ರೆ. ಇವರು ಹೊರಗೆ ಬಂದದ್ದು’ ಎಂದರು. ಎರಡು ದಿನ ನನಗೆ ಉತ್ತರ ಹುಡುಕುವುದೇ ಕೆಲಸವಾಯಿತು.

ಆ ‘ಒಬ್ಬನೇ’ಯ ಹತ್ತಿರ ಎಡವಿದವನು ನಾನೊಬ್ಬನೇ ಅಲ್ಲ. ಗಾಂಧೀಜಿಗೆ ಬೆಟ್ಟದ ಮೇಲಿನ ಪ್ರಸಂಗ ನೇರ ಎದೆಗೆ ಹೋಗಿತ್ತು, ಗೀತೆಯ ಪಕ್ಕದಲ್ಲಿಟ್ಟು ನೋಡಿದ್ದರು. ದೇವರಿಗೆ ಮಕ್ಕಳಿರುವುದಾದರೆ ನಾವೆಲ್ಲರೂ ಮಕ್ಕಳೇ ಎಂದು ಆತ್ಮಕಥೆಯಲ್ಲಿ ಬರೆದು ಹೊಸ್ತಿಲಲ್ಲೇ ನಿಂತರು. ಇಂಗ್ಲಿಷ್ ಲೇಖಕ ಸಿ.ಎಸ್. ಲೂಯಿಸ್ ಹೀಗೆ ಹೊಸ್ತಿಲಲ್ಲಿ ನಿಲ್ಲುವವರನ್ನು ಬಿಡುವುದಿಲ್ಲ. ತಾನೇ ದೇವರು ಎಂಬ ಅರ್ಥದಲ್ಲಿ ಮಾತಾಡಿದವನು ಒಂದೋ ಸುಳ್ಳುಗಾರ, ಇಲ್ಲ ಹುಚ್ಚ, ಇಲ್ಲ ನಿಜವಾಗಿ ದೇವರು. ಬರೀ ಒಳ್ಳೆಯ ಗುರು ಎನ್ನಲು ಜಾಗವಿಲ್ಲ ಎನ್ನುತ್ತಾನೆ. ಓದುವಾಗ ಭಲೇ ಎನಿಸಿತು. ಪುಸ್ತಕ ಮುಚ್ಚಿದ ಮೇಲೆ ನಗು ಬಂತು. ನಮ್ಮ ದೇಶದಲ್ಲಿ ನಾನೇ ಬ್ರಹ್ಮ ಎಂದವರನ್ನು ಹುಚ್ಚಾಸ್ಪತ್ರೆಗೆ ಕಳಿಸುವುದಿಲ್ಲ, ಮಠ ಕಟ್ಟಿಸಿಕೊಡುತ್ತೇವೆ. ಲೂಯಿಸನ ಮೂರು ಬಾಗಿಲಿನ ಮನೆಗೆ ನಮ್ಮಲ್ಲಿ ಹಿತ್ತಲ ಬಾಗಿಲೂ ಉಂಟು. ಆದರೆ ಯೇಸು ಹುಟ್ಟಿದ್ದು ಆ ಹಿತ್ತಲು ಇಲ್ಲದ ಯೆಹೂದಿ ಮನೆಯಲ್ಲಿ. ಅಲ್ಲಿ ಆ ಮಾತಿಗೆ ಕಲ್ಲೇಟೇ ಉತ್ತರ. ಹಾಗಾಗಿ ನನ್ನ ನಗುವೂ ಪೂರ್ತಿ ಸರಿಯಲ್ಲ.

ಅಮ್ಮನ ವಿಷಯ ಮಾತ್ರ ನಾನು ಬಿಟ್ಟುಕೊಡಲು ತಯಾರಿರಲಿಲ್ಲ. ಪಂಜುರ್ಲಿಗೆ ಕೈಮುಗಿದು ಸತ್ತ ಅಮ್ಮ ಈಗ ಎಲ್ಲಿ? ಒಬ್ಬ ಪಾಸ್ಟರು ಕಣ್ಣು ತಗ್ಗಿಸಿ, ಸಂಕಟದಿಂದಲೇ, ಅವಳಿಗೆ ದಾರಿಯಿಲ್ಲ ಎಂದರು. ಅವರ ಸಂಕಟ ನಿಜದ್ದು, ಅದನ್ನು ಕಂಡೆ. ಬಾಯಮ್ಮನ ಇಗರ್ಜಿಯ ಫಾದರ್ ಚಹಾ ತರಿಸಿ, ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಇದನ್ನು ಹೇಳಿದೆ, ತನ್ನ ತಪ್ಪಿಲ್ಲದೆ ಸುವಾರ್ತೆ ಅರಿಯದೆ, ಮನಸ್ಸಾಕ್ಷಿಯಂತೆ ದೇವರನ್ನು ಹುಡುಕಿದವರಿಗೂ ರಕ್ಷಣೆ ಉಂಟು ಎಂದರು. ನನಗೆ ಫಾದರ್ ಮಾತು ಹಿತವಾಯಿತು. ಹಿತವಾಯಿತು ಎನ್ನುವಾಗಲೇ ಬೆರಳಿಗೆ ಹುಣಸೆಯ ಅಂಟು ಹತ್ತಿದ್ದೂ ಗೊತ್ತಾಯಿತು.

ಆ ವರ್ಷ ಈಸ್ಟರಿನ ಹಿಂದಿನ ರಾತ್ರಿ ಬಾಯಮ್ಮನ ಜೊತೆ ಹೋದೆ. ಇಗರ್ಜಿಯ ದೀಪಗಳನ್ನೆಲ್ಲ ಆರಿಸಿದ್ದರು. ಅಂಗಳದಲ್ಲಿ ಸೌದೆಯ ಬೆಂಕಿ. ಅದರಿಂದ ಆಳೆತ್ತರದ ಒಂದು ಮೇಣದ ಬತ್ತಿ ಹೊತ್ತಿಸಿದರು. ಹತ್ತಿರದಿಂದ ನೋಡಿದೆ, ಬತ್ತಿಯ ಮೈಮೇಲೆ ಶಿಲುಬೆ, ಶಿಲುಬೆಯ ನಾಲ್ಕು ಮೂಲೆಗಳಲ್ಲಿ ಆ ವರ್ಷದ ಇಸವಿಯ ನಾಲ್ಕು ಅಂಕಿಗಳು. ಮತ್ತೆ ಇಸವಿ! ಈ ಜನಕ್ಕೆ ದೇವರನ್ನು ಕ್ಯಾಲೆಂಡರಿಗೆ ಕಟ್ಟದೆ ಸಮಾಧಾನವಿಲ್ಲ. ಆ ಒಂದು ಬತ್ತಿಯಿಂದ ಮುಂದಿನ ಸಾಲಿಗೆ, ಅಲ್ಲಿಂದ ಹಿಂದಕ್ಕೆ, ಕೈಯಿಂದ ಕೈಗೆ ಬೆಂಕಿ ಬಂತು. ನನ್ನ ಬತ್ತಿಯನ್ನು ಹೊತ್ತಿಸಿದವನು ಏಳೆಂಟು ವರ್ಷದ ಹುಡುಗ. ತುದಿ ತಾಗಿಸಲು ಹೆಬ್ಬೆರಳ ಮೇಲೆ ನಿಂತಿದ್ದ. ಬಿಸಿ ಮೇಣ ನನ್ನ ಕೈಮೇಲೆ ಬಿತ್ತು. ‘ಸಾರಿ ಅಂಕಲ್’ ಎಂದ. ಆ ಕತ್ತಲಲ್ಲಿ, ಇದು ನಿಜವಾಗಿದ್ದರೆ ಒಳ್ಳೆಯದಿತ್ತು ಎಂದು ನನಗೆ ಅನಿಸಿತು. ಇದಕ್ಕೆ ಮೊದಲು ಹಾಗೆ ಅನಿಸಿರಲಿಲ್ಲ. ನಿಜವೆಂದು ಅನಿಸಿದ್ದಲ್ಲ, ನಿಜವಾಗಿರಲಿ ಎಂದು ಅನಿಸಿದ್ದು. ಎರಡಕ್ಕೂ ನಡುವೆ ಎಷ್ಟು ಹೊಲ ಉಂಟು ಎಂದು ವ್ಯಾಕರಣ ಕಲಿಸಿದವನಿಗೆ ಹೇಳಿಕೊಡಬೇಕಾಗಿಲ್ಲ.

ಯೇಸುವಿನ ಗಾಯಕ್ಕೆ ಬೆರಳಿಟ್ಟೇ ನಂಬುತ್ತೇನೆ ಎಂದ ಶಿಷ್ಯ ತೋಮ ನಮ್ಮ ಪಕ್ಕದ ಕೇರಳಕ್ಕೇ ಬಂದಿದ್ದ, ಮೈಲಾಪುರದಲ್ಲಿ ಸತ್ತ ಎಂಬ ಪರಂಪರೆ ಇದೆ. ಚಿತ್ರಕಾರ ಕಾರವಾಜ್ಜೊ ಆ ಬೆರಳನ್ನು ಗಾಯದ ಒಳಗೇ ಇಳಿಸಿ ಬಿಡಿಸಿದ್ದಾನೆ. ಯೋಹಾನನ ಪಾಠವನ್ನು ಎರಡು ಸಲ ಓದಿದೆ. ಮುಟ್ಟಿ ನೋಡು ಎಂದು ಯೇಸು ಕರೆಯುತ್ತಾನೆ, ತೋಮ ಮಾತಿನಲ್ಲಿ ಶರಣಾಗುತ್ತಾನೆ. ಮುಟ್ಟಿದ ಎಂದು ಎಲ್ಲಿಯೂ ಬರೆದಿಲ್ಲ.

ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತಂದ ಹೊಸ ತೆನೆ ಬಾಯಮ್ಮನ ಮನೆಯಲ್ಲಿ. ಭತ್ತ ಸುಲಿದು, ಅಕ್ಕಿ ಪುಡಿ ಮಾಡಿ ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿ ಮನೆಯವರಿಗೆಲ್ಲ ಕೊಡುತ್ತಾರೆ. ಬೇಲಿ ದಾಟಿ ನಮಗೂ ಬರುತ್ತದೆ. ಈ ಸಲ ಅವರ ಮಕ್ಕಳು ಯಾರೂ ಬಂದಿರಲಿಲ್ಲ, ಒಬ್ಬ ಮಗ ಕುವೈತ್, ಒಬ್ಬ ಬೆಂಗಳೂರು. ನಾನೇ ಹೋಗಿ ಅಡಿಗೆಮನೆಯ ಮಣೆಯ ಮೇಲೆ ಕೂತೆ.

‘ಎಂತಾಯ್ತು ಮಾಸ್ಟ್ರೆ, ತೂಗಿ ಮುಗೀತಾ?’

ಇದ್ದದ್ದನ್ನು ಹೇಳಿದೆ. ಯೇಸುವನ್ನು ಬರೀ ಒಳ್ಳೆಯ ಮನುಷ್ಯ ಎಂದು ಬದಿಗಿಡಲು ಈಗ ಆಗುವುದಿಲ್ಲ. ಮೂರನೇ ದಿನ ಏನೋ ಆಗಿದೆ, ಏನೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಅಮ್ಮನನ್ನು ಹೊರಗಿಟ್ಟು ಮಾತ್ರ ಒಳಗೆ ಬರಲಾರೆ. ‘ನಿಮ್ಮ ಹಾಗೆ ಗಟ್ಟಿ ನಂಬಿಕೆ ನನಗೆ ಇಲ್ಲ ಬಾಯಮ್ಮ.’

ಅವರು ತೆಂಗಿನ ಹಾಲು ಹಿಂಡುವುದನ್ನು ನಿಲ್ಲಿಸಲಿಲ್ಲ. ‘ಗಟ್ಟಿಯಾ? ನಮ್ಮವರು ತೀರಿಹೋದ ವರ್ಷ ನಾನು ಪೂಜೆಗೆ ಹೋಗಿ ಎಲ್ಲ ಹೇಳ್ತಿದ್ದೆ, ಆ ಮೂರನೇ ದಿನದ್ದು ಬರುವಾಗ ಬಾಯಿ ಮುಚ್ತಿದ್ದೆ. ಒಂದು ವರ್ಷ. ಪಕ್ಕದಲ್ಲಿ ನಿಂತವರಿಗೂ ಗೊತ್ತಾಗ್ಲಿಲ್ಲ.’

‘ಮತ್ತೆ?’

‘ಮತ್ತೆ ಒಂದು ದಿನ ಬಾಯಿಗೆ ಬಂತು. ಯಾಕೆ ಅಂತ ಗೊತ್ತಿಲ್ಲ.’ ಲೋಟವನ್ನು ನನ್ನ ಕಡೆ ದೂಡಿದರು. ‘ಬೆಲ್ಲ ಸ್ವಲ್ಪ ಹೆಚ್ಚಾಯ್ತೋ ಏನೋ, ನೋಡಿ ಹೇಳಿ.’